ಮೊದಲ ಕರಡು ಯಾವುದರಲ್ಲಿ: ದನಿ, ಮೊಬೈಲ್, ಪೆನ್ನು

ತನ್ನ ಬದುಕಿನ ಬಗ್ಗೆ ಬರೆಯುವವರು ಮೊದಲ ಕರಡನ್ನು ಯಾವುದರಲ್ಲಿ ಬರೆಯುತ್ತಾರೆ ಎಂಬುದರ ಮೇಲೆ ಆ ಬರಹದ ಅರ್ಧ ಹಣೆಬರಹ ನಿಂತಿರುತ್ತದೆ ಎಂದು ನಾನು ನಂಬುತ್ತೇನೆ. ಮಲೆನಾಡಿನ ನಮ್ಮ ಮನೆಯ ಅಡಿಕೆ ಸುಲಿಯುವ ರಾತ್ರಿಗಳ ಬಗ್ಗೆ ಮೂರು ಬಗೆಯಲ್ಲಿ ಬರೆದು ನೋಡಿದೆ. ಒಮ್ಮೆ ಮೊಬೈಲಿಗೆ ಬಾಯಲ್ಲಿ ಹೇಳಿದೆ, ಒಮ್ಮೆ ಅದೇ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸಿದೆ, ಒಮ್ಮೆ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದೆ. ನಡುವೆ ಸಾಕಷ್ಟು ದಿನ ಬಿಟ್ಟು, ಹಿಂದಿನದನ್ನು ತೆರೆಯದೆ ಬರೆದೆ.

ಗೂಗಲ್‌ನ ದನಿ ಟೈಪಿಂಗ್ ಕನ್ನಡಕ್ಕೆ ಬಂದದ್ದು 2017ರಲ್ಲಿ. ನೆನಪು ಕೆದಕಲು ಇದಕ್ಕೆ ಸಾಟಿಯಿಲ್ಲ. ಮಾತು ಮಾತನ್ನು ಎಳೆದುಕೊಂಡು ಬರುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತ ಚಿಕ್ಕಮ್ಮ ಪಕ್ಕದ ಊರಿನ ಮದುವೆಯ ಸುದ್ದಿ ಹೇಳುತ್ತಿದ್ದುದು, ಮಾತು ನಿಂತರೂ ಅವರ ಕೈ ನಿಲ್ಲದಿದ್ದುದು, ಎಲ್ಲ ತಾನಾಗಿ ಬಂತು. ಆದರೆ ವಿರಾಮಚಿಹ್ನೆಯಿಲ್ಲದ ಉದ್ದನೆಯ ಸಾಲು, ಹೆಜ್ಜೆಗೊಂದು ‘ಆಮೇಲೆ’. ಅಡಿಕೆ ಬೇಯಿಸಿದಾಗ ಉಳಿಯುವ ರಸಕ್ಕೆ ನಾವನ್ನುವ ‘ಚೊಗರು’ ಎಂದಾಗಲೆಲ್ಲ ಫೋನು ಬೇರೇನೋ ಬರೆಯಿತು. ಸರಿಪಡಿಸುವುದಕ್ಕಿಂತ ಹೊಸದಾಗಿ ಬರೆಯುವುದೇ ಸುಲಭ.

ಇಂಗ್ಲಿಷ್ ಅಕ್ಷರ ಒತ್ತಿ ಬರೆಯುವುದು ಎಲ್ಲಕ್ಕಿಂತ ಸಲೀಸು. ನನ್ನ ತಕರಾರೆಲ್ಲ ಕೀಲಿಗಳ ಮೇಲ್ಗಡೆ ಸಾಲಾಗಿ ನಿಲ್ಲುವ ಪದಸೂಚನೆಯ ಮೇಲೆ. ‘ಮರೆ’ ಎಂದು ಒತ್ತುವಷ್ಟರಲ್ಲಿ ‘ಮರೆಯಲಾಗದ’ ಸಿದ್ಧವಾಗಿರುತ್ತದೆ, ಬೆರಳು ಅದನ್ನೇ ಒತ್ತುತ್ತದೆ. ಕೊನೆಗೆ ಕರಡಿನಲ್ಲಿ ಉಳಿದದ್ದು ‘ಆ ಮರೆಯಲಾಗದ ದಿನಗಳ ನೆನಪು ಇಂದಿಗೂ ಹಸಿರಾಗಿದೆ’ ಎಂಬಂಥ ಸಾಲುಗಳು. ಯಾರ ಮನೆಯ ಯಾವ ದಿನಕ್ಕೆ ಬೇಕಾದರೂ ಹೊಂದುವ ಸಾಲು ಅದು. ಚಿಕ್ಕಮ್ಮನೂ ಇಲ್ಲ, ಮೆಟ್ಟುಗತ್ತಿಯೂ ಇಲ್ಲ. ಅಳಿಸುವುದು ಸುಲಭವಾದ್ದರಿಂದ ಮೊದಲ ಪ್ಯಾರಾವನ್ನೇ ತಿದ್ದುತ್ತಾ ಕೂರುವ ಚಟವೂ ಇಲ್ಲಿ ಅಂಟಿಕೊಳ್ಳುತ್ತದೆ.

ಪೆನ್ನು ನಿಧಾನ, ಕೈ ನೋಯುತ್ತದೆ. ಆದರೂ ಮೂರರಲ್ಲಿ ನನ್ನ ಆಯ್ಕೆ ಅದೇ. ಇದಕ್ಕೆ ಒಂದು ಪುಟವನ್ನೇ ಸಾಕ್ಷಿಯಾಗಿ ಕೊಡುತ್ತೇನೆ. ‘ಎಲ್ಲರೂ ನಗುನಗುತ್ತಾ ಸುಲಿಯುತ್ತಿದ್ದರು’ ಎಂದು ಬರೆದು, ಸಾಲು ಮುಗಿಯುವುದರೊಳಗೆ ಅದು ಸುಳ್ಳೆನಿಸಿ ಹೊಡೆದುಹಾಕಿದ್ದೇನೆ. ಮೇಲೆ ಸಣ್ಣಕ್ಷರದಲ್ಲಿ ಹೀಗಿದೆ: ‘ಸುಲಿದಷ್ಟಕ್ಕೆ ಕೂಲಿ. ಹನ್ನೊಂದರ ನಂತರ ನಗುತ್ತಿದ್ದವರು ಮನೆಯವರು ಮಾತ್ರ. ಕೂಲಿಗೆ ಬಂದವರು ತಲೆ ಎತ್ತುತ್ತಿರಲಿಲ್ಲ.’ ಉಳಿದೆರಡು ಕರಡುಗಳಲ್ಲಿ ಈ ಮಾತು ಸುಳಿದೇ ಇಲ್ಲ. ಕೈ ನಿಧಾನವಾದಾಗ ಮನಸ್ಸಿಗೆ ತಕರಾರು ಎತ್ತಲು ಸಮಯ ಸಿಗುತ್ತದೆ. ಹೊಡೆದುಹಾಕಿದ ಸಾಲು ಕಣ್ಣೆದುರೇ ಇರುವುದರಿಂದ, ಎಲ್ಲಿ ಸಿಹಿ ಬೆರೆಸಲು ಹೊರಟಿದ್ದೆ ಎಂಬುದೂ ಕಾಣುತ್ತದೆ.

ಪೆನ್ನಿನ ಕರಡನ್ನು ಮತ್ತೆ ಟೈಪಿಸಬೇಕಲ್ಲ ಎಂದು ಹಲವರು ಹಿಂಜರಿಯುತ್ತಾರೆ. ಆ ಟೈಪಿಂಗೇ ಎರಡನೆಯ ತಿದ್ದುಪಡಿ. ಅದಕ್ಕೆ ನಾನು ಬಳಸುವುದು ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶದಲ್ಲಿರುವುದು. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ 5 ಕೀಲಿ ಸಾಕು. ಒತ್ತಕ್ಷರ ಕೂಡಿಸುವುದು ಎಫ್. ಕೈಗೆ ಕೂತ ಮೇಲೆ ಇಂಗ್ಲಿಷ್ ಕಾಗುಣಿತದ ಗೊಡವೆಯೇ ಇಲ್ಲ, ಪದ ಸೂಚಿಸಲು ಯಾರೂ ಬರುವುದಿಲ್ಲ.

ದನಿಯನ್ನು ಪೂರ್ತಿ ಬಿಟ್ಟಿಲ್ಲ. ಬರೆಯಲು ಕೂರುವ ಮುನ್ನ, ಸಂಜೆ ನಡೆಯುತ್ತಾ ನೆನಪಾದದ್ದನ್ನೆಲ್ಲ ಫೋನಿಗೆ ಹೇಳಿಕೊಳ್ಳುತ್ತೇನೆ. ಅದರಿಂದ ನೋಟ್‌ಬುಕ್ಕಿಗೆ ಇಳಿಸುವುದು ಹೆಸರು, ವಸ್ತು, ಯಾರಾದರೂ ಆಡಿದ ಒಂದೆರಡು ಮಾತು ಮಾತ್ರ. ಹಿರಿಯರ ನೆನಪು ಸಂಗ್ರಹಿಸುವವರಿಗೂ ಪೆನ್ನು ಹಿಡಿಯಲು ಕೈನೋವು ಬಿಡದವರಿಗೂ ದನಿಯೇ ಸರಿ. ಮೊಬೈಲಿನಲ್ಲೇ ಬರೆಯುವುದು ಅನಿವಾರ್ಯವಾದರೆ, ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಪದಸೂಚನೆಯನ್ನು ನಿಲ್ಲಿಸಿಬಿಡಿ.