ಥ್ರೀಎಂ 6200 ಮಾಸ್ಕ್: ತಲೆ ಕೆಡಿಸಿಕೊಳ್ಳಬೇಕಾದದ್ದು ಕಾರ್ಟ್ರಿಜ್ ಬಗ್ಗೆ

ಪೀಣ್ಯದಲ್ಲಿ ನನ್ನದೊಂದು ಸಣ್ಣ ಪ್ಲೇಟಿಂಗ್ ಶೆಡ್, ಲೋಹದ ಸಾಮಾನಿಗೆ ಬೇರೆ ಲೋಹದ ಲೇಪ ಹಾಕುವ ಕೆಲಸ. ತುಕ್ಕು ತೆಗೆಯಲು ಹೈಡ್ರೋಕ್ಲೋರಿಕ್ ಆಸಿಡ್ ತೊಟ್ಟಿ, ಪಕ್ಕದಲ್ಲಿ ಸತುವಿನ ಸಾಲು, ಮೂಲೆಯಲ್ಲಿ ಕ್ರೋಮ್. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೆಲಸ ಮಾಡಿ, ಸಂಜೆ ಒಂದು ತುಂಡು ಬೆಲ್ಲ ತಿಂದರೆ ಹೊಗೆಯೆಲ್ಲ ಇಳಿದುಹೋಗುತ್ತದೆ ಎಂದು ನಂಬುವವರು ಈ ಕಸುಬಿನಲ್ಲಿ ಇಂದಿಗೂ ಇದ್ದಾರೆ. ಬೆಲ್ಲ ತಿನ್ನಲಿ, ಬೇಡವೆನ್ನುವುದಿಲ್ಲ. ಆದರೆ ಅದು ಹೋಗುವುದು ಹೊಟ್ಟೆಗೆ, ಆಸಿಡ್ ಹೋಗುವುದು ಶ್ವಾಸಕೋಶಕ್ಕೆ. ನಮ್ಮಲ್ಲಿ ತೊಟ್ಟಿಯ ಬಳಿ ನಿಲ್ಲುವವರು ಈಗ ಹಾಕುವುದು ಥ್ರೀಎಂ ಕಂಪನಿಯ 6200, ಮೂಗು ಬಾಯಿ ಮುಚ್ಚುವ ರಬ್ಬರಿನಂಥ ಬೂದು ಮಾಸ್ಕ್. ಎರಡು ಕೆನ್ನೆಗೂ ಒಂದೊಂದು ಕಾರ್ಟ್ರಿಜ್, ಅಂದರೆ ಗಾಳಿ ಶೋಧಿಸುವ ಡಬ್ಬಿ. ಕೂರಿಸಿ ಕಾಲು ಸುತ್ತು ತಿರುಗಿಸಿದರೆ ಬಿಗಿಯಾಗುತ್ತದೆ.

ಮಾಸ್ಕ್ ಚೆನ್ನಾಗಿದೆ. ಹಗುರ, ಬಿಡಿಭಾಗ ಸಿಗುತ್ತದೆ, ಕಾರ್ಟ್ರಿಜ್ ಕಳಚಿಟ್ಟು ಸೌಮ್ಯ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬಹುದು. ಆದರೆ ಅಂಗಡಿಗೆ ಹೋಗಿ 'ಆಸಿಡ್ ಮಾಸ್ಕ್ ಕೊಡಿ' ಎಂದು ಕೇಳುವವರಿಗೆ ಒಂದು ಮಾತು: ಮಾಸ್ಕ್ ತಾನಾಗಿ ಏನನ್ನೂ ಶೋಧಿಸುವುದಿಲ್ಲ. ಎಲ್ಲವೂ ಕಾರ್ಟ್ರಿಜ್ ಮೇಲೆ ನಿಂತಿದೆ. ಒಮ್ಮೆ ಒಬ್ಬ ವ್ಯಾಪಾರಿ ನನಗೆ ಕಪ್ಪು ಪಟ್ಟಿಯ 6001 ಹಿಡಿಸಿ, 'ಎಲ್ಲದಕ್ಕೂ ಆಗುತ್ತದೆ ಸಾರ್' ಎಂದ. ಅದು ಥಿನ್ನರ್, ಪೇಂಟ್‌ಗಳ ಆವಿಗೆ. ಹೈಡ್ರೋಕ್ಲೋರಿಕ್ ಹೊಗೆಗೆ ಬೇಕಾದದ್ದು ಹಳದಿ ಪಟ್ಟಿಯ 6003. ಆಸಿಡ್ ಮಾರುವವರಿಂದ ಎಸ್‌ಡಿಎಸ್ ಕಾಗದ (ಆ ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರ) ಕೇಳಿ ಪಡೆದು, ರಕ್ಷಣಾ ಸಾಧನಗಳ ವಿವರವಿರುವ ಅದರ ಎಂಟನೆಯ ಭಾಗ ಓದಿಕೊಂಡು ಹೋದರೆ ಇಂಥವರ ಮುಂದೆ ಪೆದ್ದರಾಗುವ ಪ್ರಸಂಗ ಬರುವುದಿಲ್ಲ.

ಕ್ರೋಮ್ ಕಥೆ ಬೇರೆಯೇ. ಅಲ್ಲಿ ಏಳುವುದು ಅನಿಲವಲ್ಲ, ಹನಿ. ಕರೆಂಟು ಬಿಟ್ಟಾಗ ಹೈಡ್ರೋಜನ್ ಗುಳ್ಳೆಗಳು ಮೇಲೆ ಬಂದು ಒಡೆಯುತ್ತವೆ, ಒಡೆಯುವಾಗ ಕ್ರೋಮಿಕ್ ಆಸಿಡ್ಡಿನ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳನ್ನು ಗಾಳಿಗೆ ಎರಚುತ್ತವೆ. ತೊಟ್ಟಿಯ ಅಂಚಿನಲ್ಲಿ, ಎಕ್ಸಾಸ್ಟ್ ಬಾಯಿಯಲ್ಲಿ ಕಟ್ಟುವ ಕೆಂಪು ಹಳದಿ ಕಲೆ ಅದೇ. ಹಳೆಯ ಕ್ರೋಮ್ ಕೆಲಸಗಾರರ ಮೂಗಿನ ನಡುಗೋಡೆ ತೂತಾಗುತ್ತಿದ್ದುದು ಇದರಿಂದ. ಶ್ವಾಸಕೋಶದ ಕ್ಯಾನ್ಸರ್ ಕೂಡ. ಬರೀ 6003 ಈ ಹನಿಗಳನ್ನು ತಡೆಯುವುದಿಲ್ಲ. ಅನಿಲ, ಹನಿ ಎರಡನ್ನೂ ಹಿಡಿಯುವ 60923 ಬೇಕು. ತುಸು ಭಾರ, ಬೆಲೆಯೂ ಹೆಚ್ಚು. ಕ್ರೋಮ್ ಹತ್ತಿರ ನಾನು ಅದನ್ನಲ್ಲದೆ ಬೇರೆಯದನ್ನು ಹಾಕಲು ಬಿಡುವುದಿಲ್ಲ.

ಹಾಕಿಕೊಂಡ ಮೇಲೆ ಒಂದು ಪರೀಕ್ಷೆ ಇದೆ. ಎರಡೂ ಕಾರ್ಟ್ರಿಜ್‌ಗಳನ್ನು ಅಂಗೈಯಿಂದ ಮುಚ್ಚಿ ಮೆಲ್ಲಗೆ ಉಸಿರೆಳೆದುಕೊಳ್ಳಬೇಕು. ಮಾಸ್ಕ್ ಒಳಕ್ಕೆ ಕುಸಿದು ಮುಖಕ್ಕೆ ಅಂಟಿ ನಿಲ್ಲಬೇಕು. ಮೂಗಿನ ಪಕ್ಕದಿಂದ ತಣ್ಣನೆಯ ಗಾಳಿ ಸುಳಿದರೆ ತಲೆಯ ಪಟ್ಟಿ ಸರಿಪಡಿಸಿ ಮತ್ತೆ ನೋಡಬೇಕು. ಅರ್ಧ ನಿಮಿಷದ ಕೆಲಸ, ಆದರೆ ದಿನವೂ ಹೇಳಿಯೇ ಮಾಡಿಸಬೇಕು. ಗಡ್ಡವಿದ್ದರೆ ಈ ಪರೀಕ್ಷೆಗೆ ಅರ್ಥವೇ ಇಲ್ಲ. ಎರಡು ದಿನದ ಕುರುಚಲು ಗಡ್ಡ ಸಾಕು, ಸಂದಿ ಬೀಳುತ್ತದೆ. ನವೆಂಬರ್ ಬಂತೆಂದರೆ ನಮ್ಮಲ್ಲಿ ಇಬ್ಬರು ಮೂವರು ಅಯ್ಯಪ್ಪ ಮಾಲೆ ಹಾಕುತ್ತಾರೆ, ವ್ರತ ಮುಗಿಯುವವರೆಗೆ ಕ್ಷೌರವಿಲ್ಲ. 'ಸ್ವಾಮಿ, ಮಲೆಗೆ ಹೋಗಿ ಬರುವವರೆಗೆ ನೀವು ಪ್ಯಾಕಿಂಗ್ ನೋಡಿಕೊಳ್ಳಿ' ಎನ್ನುತ್ತೇನೆ. ಯಾರೂ ಬೇಸರಿಸಿಕೊಂಡಿಲ್ಲ. ವರ್ಷವಿಡೀ ಗಡ್ಡ ಬಿಡುವವರಿಗೆ ಮೋಟಾರಿನಿಂದ ಗಾಳಿ ನೂಕುವ, ತಲೆಯನ್ನೇ ಮುಚ್ಚುವ ಮುಸುಕು ಸಿಗುತ್ತದೆ, ಆದರೆ ಸಣ್ಣ ಶೆಡ್ಡಿನವರ ಕೈಗೆ ಎಟುಕುವ ಬೆಲೆಯಲ್ಲ.

ಕಾರ್ಟ್ರಿಜ್ ಮುಗಿದದ್ದನ್ನು ತೋರಿಸುವ ಬಣ್ಣವಾಗಲಿ ದೀಪವಾಗಲಿ ಇದರಲ್ಲಿ ಇಲ್ಲ. ಒಳಗೆ ಆಸಿಡ್ ಘಾಟು ಬಂತೆಂದರೆ ಆಗಲೇ ತಡವಾಗಿದೆ. ಪೊಟ್ಟಣ ಒಡೆದ ದಿನವೇ ಮಾರ್ಕರಿನಲ್ಲಿ ತಾರೀಖು ಬರೆದು, ಘಾಟು ಬರುವ ಮೊದಲೇ ಬದಲಾಯಿಸುತ್ತೇವೆ. ಕೆಲಸ ಬಿಟ್ಟ ಮೇಲೆ ಗೋಡೆಯ ಮೊಳೆಗೆ ನೇತುಹಾಕಿದರೆ ರಾತ್ರಿಯಿಡೀ ಶೆಡ್ಡಿನ ಗಾಳಿಯನ್ನು ಕುಡಿಯುತ್ತಾ ಖಾಲಿಯಾಗುತ್ತದೆ. ಗಾಳಿಯಾಡದ ಚೀಲದಲ್ಲಿ ಹಾಕಿ ಲಾಕರಿನಲ್ಲಿಡಬೇಕು.

ಇದರಿಂದ ಆಗದ ಕೆಲಸಗಳೂ ಇವೆ. ಗಾಳಿಯಲ್ಲಿನ ವಿಷ, ಕೆಲಸದ ಜಾಗಕ್ಕೆ ಗೊತ್ತುಮಾಡಿದ ಮಿತಿಯ ಹತ್ತು ಪಟ್ಟು ದಾಟಿದರೆ ಅರ್ಧ ಮುಖದ ಯಾವ ಮಾಸ್ಕನ್ನೂ ನಂಬುವಂತಿಲ್ಲ. ಇದು ಆಮ್ಲಜನಕ ಕೊಡುವುದಿಲ್ಲ, ಹಾಗಾಗಿ ಖಾಲಿ ತೊಟ್ಟಿಯೊಳಗೆ ಇಳಿದು ಕೆಸರು ಬಳಿಯುವವರಿಗೆ ಇದನ್ನು ಕೊಟ್ಟು ಕಳಿಸುವುದು ಸಾಯಲು ಕಳಿಸಿದಂತೆ. ಹಿತ್ತಾಳೆಯನ್ನು ನೈಟ್ರಿಕ್‌ನಲ್ಲಿ ಅದ್ದಿದಾಗ ಏಳುವ ಕಂದು ಹೊಗೆಗೂ ಇದಲ್ಲ. ಆ ಹೊಗೆ ಕುಡಿದವನು ಆಗ ಚೆನ್ನಾಗಿಯೇ ಇದ್ದು, ಗಂಟೆಗಟ್ಟಲೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಬೀಳುತ್ತಾನೆ. ಸಯನೈಡ್ ಇರುವ ಕಡೆಯಂತೂ ಆಸಿಡ್ ಮತ್ತು ಸಯನೈಡ್ ಸೇರದಂತೆ ನೋಡಿಕೊಳ್ಳುವುದೇ ರಕ್ಷಣೆ. ಕಣ್ಣಿಗೆ ಗಾಗಲ್ಸ್ ಬೇರೆ ತೆಗೆದುಕೊಳ್ಳಬೇಕು. ತೊಟ್ಟಿಯ ಅಂಚಿನ ಎಕ್ಸಾಸ್ಟ್ ಕೆಟ್ಟು ಕೂತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ, ಆಮೇಲೆ ಮಾಸ್ಕ್ ಕೊಳ್ಳಿ.

ಕೊಳ್ಳುವವರಿಗೆ ಇನ್ನೊಂದು: 6200 ಮಧ್ಯಮ ಅಳತೆ, 6100 ಸಣ್ಣದು, 6300 ದೊಡ್ಡದು. ಅಂಗಡಿಯವರು ಎಲ್ಲರ ಕೈಗೂ 6200 ಕೊಟ್ಟು ಕಳಿಸುತ್ತಾರೆ. ನಮ್ಮಲ್ಲಿ ಪಾಲಿಶಿಂಗ್ ಬಿಟ್ಟು ಪ್ಲೇಟಿಂಗ್‌ಗೆ ಬಂದ ಹೆಣ್ಣುಮಗಳೊಬ್ಬಳಿಗೆ ಅದು ಗಲ್ಲದ ಕೆಳಗೆ ಜಾರುತ್ತಿತ್ತು, 6100 ತರಿಸಿದ ಮೇಲೆ ಸರಿಯಾಗಿ ಕೂತಿತು. ಕಾರ್ಟ್ರಿಜ್ ಮೂರಕ್ಕೂ ಒಂದೇ.