ಹಳೆ ಕಾರಿನ ಸ್ಟೇರಿಂಗಿಗೆ ಹಾಡಿನ ಬಟನ್: ಕಂಪನಿ ಸ್ವಿಚ್ಚೋ, ವೈರ್‌ಲೆಸ್ ರಿಮೋಟೋ, ಬ್ಲೂಟೂತ್ ಗುಂಡಿಯೋ?

ಸ್ಟೇರಿಂಗಿನಲ್ಲಿ ಆಡಿಯೊ ಬಟನ್ ಇಲ್ಲದ ಕಾರಿಗೆ ಅದನ್ನು ಕೂರಿಸಲು ಮೂರು ದಾರಿ ಇವೆ. ಅದೇ ಮಾಡೆಲ್ಲಿನ ಟಾಪ್ ವೇರಿಯಂಟಿಗೆ ಕಂಪನಿ ಕೊಡುವ ಸ್ವಿಚ್ಚನ್ನೇ ತಂದು ಹಾಕಬಹುದು. ರಿಮ್ಮಿಗೆ ಪಟ್ಟಿಯಲ್ಲಿ ಕಟ್ಟುವ ವೈರ್‌ಲೆಸ್ ರಿಮೋಟ್ ಹಾಕಬಹುದು. ಇಲ್ಲವೇ ಫೋನಿಗೆ ಜೋಡಿಸುವ ಬ್ಲೂಟೂತ್ ಗುಂಡಿ ಅಂಟಿಸಬಹುದು. ಮೂರನ್ನೂ ಹಾಕಿ ಬಳಸಿದ ಮೇಲೆ ನನ್ನ ಮತ ಕಂಪನಿ ಸ್ವಿಚ್ಚಿಗೇ. ಖರ್ಚು ಜಾಸ್ತಿ, ಕೆಲಸವೂ ಜಾಸ್ತಿ. ಆದರೆ ನಮ್ಮ ಕೊಡಗಿನ ಘಾಟಿ ರಸ್ತೆಗೂ ಮಳೆಗಾಲಕ್ಕೂ ತಾಳುವುದು ಅದೇ. ಏರ್‌ಬ್ಯಾಗ್ ಇಲ್ಲದ ಜಿಪ್ಸಿ, ಜೀಪು, ಓಮ್ನಿಗಳ ಲೆಕ್ಕ ಮಾತ್ರ ಬೇರೆ.

ಬ್ಲೂಟೂತ್ ಗುಂಡಿಯ ವಿಷಯ ಬೇಗ ಮುಗಿಯುತ್ತದೆ. ಬೆಲೆ ಸುಮಾರು 500 ರೂಪಾಯಿ, ಒಳಗೆ ಸಿಆರ್2032 ಬಟನ್ ಸೆಲ್, ವೈರಿಂಗ್ ಏನೂ ಇಲ್ಲ. ಆದರೆ ಅದು ಮಾತಾಡುವುದು ಫೋನಿನ ಜೊತೆ, ಕಾರಿನ ಸ್ಟೀರಿಯೊ ಸೆಟ್ಟಿನ ಜೊತೆ ಅಲ್ಲ. ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ ನೆಟ್ ಹೋಗುತ್ತದೆ, ಆನ್‌ಲೈನ್ ಹಾಡು ನಿಲ್ಲುತ್ತದೆ. ಮಡಿಕೇರಿ ಆಕಾಶವಾಣಿಯ 103.1ಕ್ಕೆ ಹೋಗೋಣ ಎಂದರೆ ಗುಂಡಿಗೆ ಆ ಶಕ್ತಿಯೇ ಇಲ್ಲ. ರೇಡಿಯೊ ಹಾಕಿದ ಮೇಲೆ ಸೌಂಡ್ ಕಮ್ಮಿ ಮಾಡಲೂ ಆಗದು. ಫೋನಿನ ಹಾಡು ಮಾತ್ರ ಕೇಳುವವರಿಗೆ, ಬಾಡಿಗೆ ಕಾರು ಓಡಿಸುವವರಿಗೆ ಇದು ಸಾಕು. ನನಗೆ ಸಾಲದು.

ವೈರ್‌ಲೆಸ್ ರಿಮೋಟ್ ಇದಕ್ಕಿಂತ ಎಷ್ಟೋ ಮೇಲು. ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿಪೆಟ್ಟಿಗೆ ಗಾತ್ರದ ರಿಸೀವರ್ ಕೂರುತ್ತದೆ. ಅದರ ಕೆಂಪು ತಂತಿ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ, ಸೆಟ್ಟಿನ ಎಸಿಸಿ ಲೈನಿಗೆ, ಕಪ್ಪು ಅರ್ತಿಂಗಿಗೆ, ಉಳಿದ ಒಂದೆರಡು ತಂತಿ ಆಂಡ್ರಾಯ್ಡ್ ಸೆಟ್ಟಿನ ಹಿಂದಿರುವ, ಬಟನ್ನಿನ ಸಂದೇಶ ಪಡೆಯುವ ಕೀ-1, ಕೀ-2 ತಂತಿಗಳಿಗೆ. ಕೆಂಪನ್ನು ಬ್ಯಾಟರಿಯ ನೇರ ಲೈನಿಗೆ ಕೊಡಬೇಡಿ. ರಿಸೀವರ್ ಹಗಲೂ ರಾತ್ರಿ ಕರೆಂಟ್ ಎಳೆಯುತ್ತದೆ. ತೋಟದಲ್ಲಿ ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಇಳಿಯಲು ಅಷ್ಟು ಸಾಕು.

ಇದರ ತೊಂದರೆ ಇರುವುದು ಪಟ್ಟಿಯಲ್ಲಿ. ಹೊಲಿದ ದಪ್ಪ ಲೆದರ್ ಕವರ್ ಇದ್ದರೆ ಪಟ್ಟಿ ಸುತ್ತು ಸಾಲುವುದಿಲ್ಲ, ಸಾಲಿದರೂ ಜಾರುತ್ತದೆ. ಹೇರ್‌ಪಿನ್ ತಿರುವಿನಲ್ಲಿ ರಿಮ್ಮು ಅಂಗೈಯೊಳಗೆ ಜಾರಿಕೊಂಡು ಬರಬೇಕು, ಅಲ್ಲಿ ರಿಮೋಟ್ ಅಡ್ಡ ಬಂದರೆ ಕೈ ತಡೆಯುತ್ತದೆ. ಕಟ್ಟುವುದಾದರೆ ಎಡಗಡೆ ಕಡ್ಡಿ (ಸ್ಪೋಕ್) ರಿಮ್ಮಿಗೆ ಸೇರುವ ಜಾಗದ ಒಳಮಗ್ಗುಲಿಗೆ ಕಟ್ಟಿ. ಏರ್‌ಬ್ಯಾಗ್ ಮುಚ್ಚಳದ ಮೇಲೆ ಅಥವಾ ಅದು ಒಡೆದುಕೊಳ್ಳುವ ಗೆರೆಯ ಮೇಲೆ ಏನನ್ನೂ ಅಂಟಿಸಬಾರದು. ಅಗ್ಗದ ಹಲವು ರಿಮೋಟ್‌ಗಳಲ್ಲಿ ಬಟನ್ ಒತ್ತಿ ಹಿಡಿದರೂ ಸೌಂಡ್ ಒಂದೇ ಮೆಟ್ಟಿಲು ಏರುತ್ತದೆ. ಹತ್ತು ಮೆಟ್ಟಿಲಿಗೆ ಹತ್ತು ಸಲ ಒತ್ತಬೇಕು. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಗಾಜು ಮುಚ್ಚಿಕೊಂಡೇ ಓಡುವ ಕಾರಿನೊಳಗೆ ರಬ್ಬರ್ ಅಂಟಂಟಾಗುತ್ತದೆ, ಬಟನ್ನಿನ ಸಂದಿಗೆ ಬೂಷ್ಟು ಹಿಡಿಯುತ್ತದೆ.

ಇನ್ನು ಕಂಪನಿ ಸ್ವಿಚ್ಚು. ಸ್ವಿಚ್ಚು ಹಾಕುವುದು ಕಷ್ಟವಲ್ಲ. ಕಷ್ಟವೆಲ್ಲ ಅದರ ಹಿಂದಿನ ಕ್ಲಾಕ್ ಸ್ಪ್ರಿಂಗಿನದು. ತಿರುಗುವ ಸ್ಟೇರಿಂಗಿಗೂ ತಿರುಗದ ಕಾಲಮ್ಮಿಗೂ ನಡುವೆ ತಂತಿಗಳನ್ನು ದಾಟಿಸುವ ಚಪ್ಪಟೆ ಡಬ್ಬಿ ಅದು. ಒಳಗೆ ತೆಳ್ಳನೆ ರಿಬ್ಬನ್ ಕೇಬಲ್ ಕ್ಯಾಸೆಟ್ ಟೇಪಿನಂತೆ ಸುತ್ತಿಕೊಂಡಿರುತ್ತದೆ. ಕೆಳಗಿನ ವೇರಿಯಂಟಿನ ಡಬ್ಬಿಯಲ್ಲಿ ಹಾರನ್ನಿಗೂ ಏರ್‌ಬ್ಯಾಗಿಗೂ ಬೇಕಾದಷ್ಟೇ ತಂತಿ ಇರಬಹುದು, ಆಡಿಯೊ ಪಿನ್ ಖಾಲಿ ಇರಬಹುದು. ಆದ್ದರಿಂದ ಸ್ವಿಚ್ಚು ಕೊಳ್ಳುವ ಮೊದಲು ಕಾಲಮ್ ಕವರ್ ಬಿಚ್ಚಿ ಪಿನ್ ಎಣಿಸಿ. ಪಿನ್ ಇದ್ದರೆ ಅರ್ಧ ಖರ್ಚು ಉಳಿಯಿತು. ಇಲ್ಲದಿದ್ದರೆ ಟಾಪ್ ವೇರಿಯಂಟಿನ ಕ್ಲಾಕ್ ಸ್ಪ್ರಿಂಗೂ ಬೇಕು. ಗೋಣಿಕೊಪ್ಪ, ಕುಶಾಲನಗರದಲ್ಲಿ ಸಿಗದಿದ್ದರೆ ಪಾರ್ಟ್ ನಂಬರ್ ಬರೆದುಕೊಂಡು ಮೈಸೂರಿನಿಂದ ತರಿಸಿ. ಗುಜರಿಯಿಂದ ಸ್ವಿಚ್ಚು ತಂದರೆ ನಡೆಯುತ್ತದೆ, ಕ್ಲಾಕ್ ಸ್ಪ್ರಿಂಗ್ ಮಾತ್ರ ಹೊಸದೇ ಇರಲಿ. ಅಪಘಾತವಾಗಿ ಏರ್‌ಬ್ಯಾಗ್ ಬಿಚ್ಚಿಕೊಂಡ ಗಾಡಿಯದಂತೂ ಬೇಡವೇ ಬೇಡ.

ಬಿಚ್ಚುವ ಕ್ರಮ ಹೀಗೆ. ಮುಂದಿನ ಚಕ್ರ ನೇರ ನಿಲ್ಲಿಸಿ, ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಕಳಚಿ 10 ನಿಮಿಷ ಕಾಯಿರಿ. ಏರ್‌ಬ್ಯಾಗ್ ಘಟಕದೊಳಗೆ ಉಳಿದ ಚಾರ್ಜ್ ಇಳಿಯಬೇಕು. ಏರ್‌ಬ್ಯಾಗನ್ನು ಅಕ್ಕಪಕ್ಕದ ಸ್ಕ್ರೂ ಅಥವಾ ಕ್ಲಿಪ್ ಬಿಟ್ಟು ತೆಗೆದು, ಮುಚ್ಚಳ ಮೇಲ್ಮುಖವಾಗಿರುವಂತೆ ದೂರ ಇಡಿ. ಹಳದಿ ಕನೆಕ್ಟರಿಗೆ ಮಲ್ಟಿಮೀಟರ್ ಕಡ್ಡಿ ತಾಗಿಸಲೇಬಾರದು. ಮೀಟರಿನ ಸಣ್ಣ ಕರೆಂಟೂ ಏರ್‌ಬ್ಯಾಗನ್ನು ಸಿಡಿಸುವ ಅಪಾಯವಿದೆ. ಸ್ಟೇರಿಂಗಿಗೂ ಶಾಫ್ಟಿಗೂ ಸೇರಿದಂತೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಉಳಿಸಿ ಸ್ಟೇರಿಂಗ್ ಅಲುಗಿಸಿ ಎಳೆಯಿರಿ, ಇಲ್ಲದಿದ್ದರೆ ಅದು ಬಿಟ್ಟುಕೊಂಡ ರಭಸಕ್ಕೆ ಮುಖಕ್ಕೇ ಬಡಿಯುತ್ತದೆ.

ಹೊಸ ಕ್ಲಾಕ್ ಸ್ಪ್ರಿಂಗಿನ ನಡುವಿಗೆ ಲಾಕ್ ಪಿನ್ನೋ ಟೇಪೋ ಹಾಕಿ ಕಳಿಸಿರುತ್ತಾರೆ. ಕೂರಿಸುವವರೆಗೆ ಅದನ್ನು ಕೀಳಬೇಡಿ. ಅದು ಬಿಟ್ಟುಹೋಗಿ ಡಬ್ಬಿ ತಿರುಗಿದ್ದರೆ, ಬಲಕ್ಕೆ ಮೆಲ್ಲಗೆ ಬಿಗಿಯಾಗುವವರೆಗೆ ತಿರುಗಿಸಿ, ಅಲ್ಲಿಂದ ಎಡಕ್ಕೆ ಬಿಟ್ಟುಕೊಂಡು ಬಂದು ಬಾಣದ ಗುರುತುಗಳನ್ನು ಕೂಡಿಸಬೇಕು. ಹಲವು ಕಾರುಗಳಲ್ಲಿ ಇದು ಎರಡೂವರೆ ಸುತ್ತು. ನಿಮ್ಮದಕ್ಕೆ ಎಷ್ಟೆಂದು ಡಬ್ಬಿಯ ಮೇಲಿನ ಚೀಟಿಯಲ್ಲಿ ನೋಡಿ. ನಡು ತಪ್ಪಿ ಕೂರಿಸಿದರೆ ವರ್ಕ್‌ಶಾಪಿನ ಅಂಗಳದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಸ್ಟೇರಿಂಗ್ ಫುಲ್ ಕಟ್ ಮಾಡುವ ಮೊದಲ ಹೇರ್‌ಪಿನ್ನಿನಲ್ಲಿ ರಿಬ್ಬನ್ ಹರಿಯುತ್ತದೆ. ಹರಿದರೆ ಹಾಡಿನ ಬಟನ್ ಜೊತೆಗೆ ಹಾರನ್ನೂ ಹೋಗುತ್ತದೆ, ಏರ್‌ಬ್ಯಾಗ್ ದೀಪವೂ ಹತ್ತಿಕೊಳ್ಳುತ್ತದೆ. ಎದುರಿನ ಬಸ್ಸು ಕಾಣದ ಮಾಕುಟ್ಟ ರಸ್ತೆಯಲ್ಲಿ ಹಾರನ್ ಇಲ್ಲದೆ ಓಡಿಸುವುದು ಎಂಥ ಅಪಾಯ ಎಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಾಪಸ್ ಕೂರಿಸಿದ ಮೇಲೆ ತಿರುವು ಮುಗಿದರೂ ಇಂಡಿಕೇಟರ್ ತಾನಾಗಿ ಆಫ್ ಆಗದಿದ್ದರೆ, ಡಬ್ಬಿಯ ಹಿಂದಿನ ಕಚ್ಚು ತನ್ನ ಸಂದಿಯಲ್ಲಿ ಕೂತಿಲ್ಲ ಎಂದರ್ಥ. ನಟ್ಟನ್ನು ಮ್ಯಾನುಯಲ್ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವೇ ಸೆಕೆಂಡಿನಲ್ಲಿ ಆರಬೇಕು.

ಇಷ್ಟೆಲ್ಲ ಸರಿಯಾಗಿದ್ದರೂ ಹಲವರನ್ನು ಕಾಡುವ ಒಂದು ರಗಳೆ ಇದೆ. ಸೌಂಡ್ ಹೆಚ್ಚಿಸಲು ಒತ್ತಿದರೆ ಹಾಡು ಬದಲಾಗುತ್ತದೆ. ಹಗಲು ಸರಿ, ರಾತ್ರಿ ಹೆಡ್‌ಲೈಟ್ ಹಾಕಿದಾಗ ತಪ್ಪು. ಸೆಟ್ಟೇ ಕೆಟ್ಟಿತೆಂದು ಬದಲಾಯಿಸಿದವರೂ ಇದ್ದಾರೆ. ಮಾರುತಿ, ಹ್ಯುಂಡೈನಂಥ ಹೆಚ್ಚಿನ ಹಳೆ ಕಾರುಗಳಲ್ಲಿ ಎಲ್ಲ ಬಟನ್ನುಗಳ ಮಾತೂ ಒಂದೆರಡು ತಂತಿಯಲ್ಲೇ ಹೋಗುತ್ತದೆ. ಪ್ರತಿ ಬಟನ್ನಿಗೆ ಬೇರೆ ಬೇರೆ ರೆಸಿಸ್ಟೆನ್ಸ್ ಇರುತ್ತದೆ. ಸೆಟ್ಟು ಆ ತಂತಿಯಲ್ಲಿ ಸಣ್ಣ ವೋಲ್ಟೇಜ್ ಬಿಟ್ಟು, ಒತ್ತಿದಾಗ ಅದು ಎಷ್ಟಕ್ಕೆ ಇಳಿಯಿತು ಎಂದು ನೋಡಿ ಬಟನ್ ಗುರುತಿಸುತ್ತದೆ. ಸ್ವಿಚ್ಚಿನ ಅರ್ತಿಂಗ್ ಬಾಡಿಯ ಒಂದು ಕಡೆ, ಸೆಟ್ಟಿನದು ಇನ್ನೊಂದು ಕಡೆ ಇದ್ದರೆ, ಲೈಟು, ಬ್ಲೋವರ್, ಜೋರು ಬಾಸ್ ಕರೆಂಟ್ ಎಳೆದಾಗ ಆ ಎರಡು ಜಾಗಗಳ ನಡುವೆ ಚೂರು ವೋಲ್ಟೇಜ್ ವ್ಯತ್ಯಾಸ ಬೀಳುತ್ತದೆ. ಹತ್ತಿರ ಹತ್ತಿರದ ರೆಸಿಸ್ಟೆನ್ಸ್ ಇರುವ ಎರಡು ಬಟನ್ ಅದಲು ಬದಲಾಗಲು ಅಷ್ಟೇ ಸಾಕು. ಸ್ವಿಚ್ಚಿನ ವಾಪಸ್ ತಂತಿಯನ್ನು ಕಾರಿನ ಬಾಡಿಯ ಲೋಹಕ್ಕೆ ಕೊಡದೆ ಸೆಟ್ಟಿನ ಕೀ-ಗ್ರೌಂಡ್ ತಂತಿಗೇ ಸೇರಿಸಿ. ಯಾವ ಬಟನ್ ಯಾವ ಕೆಲಸಕ್ಕೆ ಎಂದು ಸೆಟ್ಟಿಗೆ ಕಲಿಸುವಾಗ ಇಂಜಿನ್ ಓಡುತ್ತಿರಲಿ, ಹೆಡ್‌ಲೈಟ್, ಬ್ಲೋವರ್ ಎರಡೂ ಆನ್ ಇರಲಿ.

ಮತ್ತೊಂದು ಕಾರಣ ನಮ್ಮ ತೇವ. ಕನೆಕ್ಟರಿನ ತಾಮ್ರದ ಪಿನ್ನಿಗೆ ಹಸಿರು ಕಿಲುಬು ಹಿಡಿದರೆ ರೆಸಿಸ್ಟೆನ್ಸ್ ಏರುತ್ತದೆ. ಪರೀಕ್ಷೆ ಸುಲಭ: ಸೆಟ್ಟಿನ ಕನೆಕ್ಟರ್ ಬಿಚ್ಚಿ ಕೀ ತಂತಿಗೂ ಕೀ-ಗ್ರೌಂಡಿಗೂ ನಡುವೆ ಓಮ್ ಅಳೆಯಿರಿ, ಒಂದು ಬಟನ್ ಒತ್ತಿ ಹಿಡಿದು ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ತಿರುಗಿಸಿ. ಮೀಟರಿನ ಅಂಕಿ ಕದಲಬಾರದು. ತಿರುಗಿಸಿದಾಗ ಕುಣಿದರೆ ಕ್ಲಾಕ್ ಸ್ಪ್ರಿಂಗ್ ಸೋತಿದೆ. ತಿರುಗಿಸಿದರೂ ಕದಲದೆ, ಆದರೆ ಮೊದಲು ಬರೆದಿಟ್ಟ ಅಂಕಿಗಿಂತ ಹೆಚ್ಚು ತೋರಿಸಿದರೆ ಕನೆಕ್ಟರಿನ ದೋಷ; ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒರೆಸಿದರೆ ಸರಿಹೋಗುತ್ತದೆ. ಅದಕ್ಕೇ ಹಾಕಿದ ದಿನವೇ ಪ್ರತಿ ಬಟನ್ನಿನ ಓಮ್ ಬರೆದಿಡಿ.

ಸ್ವಿಚ್ಚಿನಲ್ಲಿ ಬೆಳಕಿನ ತಂತಿಯೂ ಇರುತ್ತದೆ, ಅದರಲ್ಲಿ ಪಾರ್ಕಿಂಗ್ ಲೈಟ್ ಹಾಕಿದಾಗ 12 ವೋಲ್ಟ್ ಬರುತ್ತದೆ. ಅದನ್ನು ಕೀ ತಂತಿಗೆ ಸೇರಿಸಿದರೆ ಸೆಟ್ಟಿನ ಕೀ ಭಾಗ ಸುಟ್ಟುಹೋಗುತ್ತದೆ. ಲೈಟ್ ಹಾಕಿ ಟೆಸ್ಟ್ ಲ್ಯಾಂಪಿನಲ್ಲಿ ತಂತಿ ಗುರುತಿಸಿದ ಮೇಲೆಯೇ ಜೋಡಿಸಿ.

ಸೆಟ್ಟಿನ ವಿಷಯದಲ್ಲಿ ಇಷ್ಟು: ಆಂಡ್ರಾಯ್ಡ್ ಸೆಟ್ಟಾದರೆ ನೇರ ಜೋಡಣೆ. ಪಯೋನಿಯರಿನ 3.5 ಮಿಮೀ ರಿಮೋಟ್ ತೂತಿಗೂ, ಕೆನ್‌ವುಡ್, ಜೆವಿಸಿಯ ರಿಮೋಟ್ ತಂತಿಗೂ ನಡುವೆ ಅಡಾಪ್ಟರ್ ಬೇಕು, ಅದರ ಬೆಲೆ ಸ್ವಿಚ್ಚನ್ನೇ ಮೀರಬಹುದು. ಪೋಲೊದಂಥ ಕಾರಿನಲ್ಲಿ ಬಟನ್ನಿನ ಸಂದೇಶ ಡಿಜಿಟಲ್ ಆಗಿ ಹೋಗುವುದರಿಂದ, ಅದನ್ನು ಸೆಟ್ಟಿಗೆ ಅರ್ಥವಾಗುವಂತೆ ಬದಲಿಸುವ ಕ್ಯಾನ್ ಬಾಕ್ಸ್ ಇಲ್ಲದೆ ಆಗದು.

ಖರ್ಚು: ರಿಮೋಟಿಗೆ ಸುಮಾರು 1,000 ರೂಪಾಯಿ. ಸ್ವಿಚ್ಚು, ಕ್ಲಾಕ್ ಸ್ಪ್ರಿಂಗ್, ಕೂಲಿ ಸೇರಿ ಹೆಚ್ಚುಕಡಿಮೆ 5,000ದಿಂದ 8,000. ಕಾರನ್ನು ಇನ್ನೂ ನಾಲ್ಕೈದು ವರ್ಷ ಇಟ್ಟುಕೊಳ್ಳುವವರಿಗೆ, ದಿನವೂ ಘಾಟಿ ಹತ್ತಿ ಇಳಿಯುವವರಿಗೆ ಇದು ದಂಡವಲ್ಲ. ಹೆಬ್ಬೆರಳು ರಿಮ್ಮು ಬಿಡದೆ ಬಟನ್ ಮುಟ್ಟುತ್ತದೆ, ಒತ್ತಿ ಹಿಡಿದರೆ ಸೌಂಡ್ ಸರಾಗ ಏರುತ್ತದೆ, ಸೆಲ್ ಬದಲಾಯಿಸುವ ಗೋಜಿಲ್ಲ. ವರ್ಷದೊಳಗೆ ಕಾರು ಮಾರುವ ಯೋಚನೆ ಇದ್ದರೆ ರಿಮೋಟ್ ಸಾಕು.

ಚಾಲಕರ ಏರ್‌ಬ್ಯಾಗ್ ನಮ್ಮಲ್ಲಿ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಅದಕ್ಕೂ ಹಿಂದಿನ ಬಹಳಷ್ಟು ಕೆಳ ವೇರಿಯಂಟುಗಳಲ್ಲಿ, ಜಿಪ್ಸಿ, ಓಮ್ನಿ, ಹಳೆ ಜೀಪುಗಳಲ್ಲಿ ಕ್ಲಾಕ್ ಸ್ಪ್ರಿಂಗೇ ಇರುವುದಿಲ್ಲ. ಹಾರನ್ನಿಗೆ ಹಿತ್ತಾಳೆ ಬಳೆಯ ಮೇಲೆ ಉಜ್ಜುವ ಒಂದು ಪಿನ್ ಅಷ್ಟೇ, ಇನ್ನೊಂದು ತಂತಿ ದಾಟಿಸಲು ದಾರಿಯಿಲ್ಲ. ಅಂಥ ಗಾಡಿಗೆ ಸ್ಟೇರಿಂಗ್, ಕಾಲಮ್ ಬದಲಾಯಿಸುವ ಸಾಹಸ ಬೇಡ. ವೈರ್‌ಲೆಸ್ ರಿಮೋಟೇ ಸರಿ. ಒತ್ತಿ ಹಿಡಿದರೆ ಸೌಂಡ್ ಏರುತ್ತಾ ಹೋಗುವ, ಬಟನ್ನಿನಲ್ಲಿ ಬೆಳಕಿರುವ ರಿಮೋಟನ್ನು ಅಂಗಡಿಯಲ್ಲೇ ಪರೀಕ್ಷಿಸಿ ತನ್ನಿ. ಮಳೆಗಾಲ ಶುರುವಾಗುವ ಮೊದಲು ಹೊಸ ಸೆಲ್ ಹಾಕಿ, ಹಳೆಯದನ್ನು ಒಳಗೇ ಬಿಟ್ಟರೆ ಅದು ಸೋರಿ ಸೆಲ್ ಕೂರುವ ಲೋಹದ ಪಟ್ಟಿಗೇ ಕಿಲುಬು ಹಿಡಿಸಬಹುದು.