ಗುಂಪಿನಲ್ಲಿ ಹೊರಟವರಿಗೆ: ರಾಯಚೂರು ಕೋಟೆಯೋ, ಕೊಪ್ಪಳ ಕೋಟೆಯೋ?

ಬಳ್ಳಾರಿಯಿಂದ ಬಸ್ ಮಾಡಿಕೊಂಡು ಹೊರಟವರಿಗೆ ಕೊಪ್ಪಳವೇ ಹತ್ತಿರ, ಡೀಸೆಲ್ ಖರ್ಚೂ ಕಡಿಮೆ. ಆದರೆ ಅಲ್ಲಿ ಗುಡ್ಡ ಹತ್ತಬೇಕು. ಜನ ಜಾಸ್ತಿ ಇದ್ದರೆ ಎರಡು ತಂಡ ಮಾಡಿ, ಬಿಸಿಲೇರುವ ಮುಂಚೆಯೇ ಹತ್ತಿಸಿ.

ಮೊಣಕಾಲು ನೋವಿನವರು, ಚಿಕ್ಕ ಮಕ್ಕಳು ಇದ್ದರೆ ರಾಯಚೂರೇ ಸರಿ. ಕೋಟೆ ಊರ ನಡುವೆಯೇ ಇದೆ. ಗುಡ್ಡ ಹತ್ತದೆಯೂ ಬಾಗಿಲು, ಗೋಡೆ ನೋಡಬಹುದು. 1294ರ ಶಾಸನವಿರುವ ಸುಮಾರು 41 ಅಡಿ ಉದ್ದದ ಒಂದೇ ಕಲ್ಲನ್ನು ಮಾತ್ರ ತಪ್ಪಿಸಬೇಡಿ! ವಾಹನಗಳ ಗದ್ದಲದಲ್ಲಿ ಗೈಡ್ ಮಾತು ಹಿಂದಿನವರಿಗೆ ಕೇಳುವುದು ಕಷ್ಟ, ಹತ್ತಿರ ಸೇರಿಸಿಕೊಳ್ಳಿ.

ಯುದ್ಧದ ಕಥೆ? 1520ರಲ್ಲಿ ಕೃಷ್ಣದೇವರಾಯ ಆದಿಲ್ ಶಾಹಿಗಳಿಂದ ರಾಯಚೂರನ್ನು ಗೆದ್ದ. ಪೋರ್ಚುಗೀಸ್ ಬಂದೂಕುಗಾರರೂ ಅವನ ಕಡೆ ಇದ್ದರು. ಕೊಪ್ಪಳದಲ್ಲಿ 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಹೋರಾಡಿ ಪ್ರಾಣ ಕೊಟ್ಟರು. ಹೈಸ್ಕೂಲ್ ಮಕ್ಕಳಿದ್ದರೆ ನಾನಂತೂ ಕೊಪ್ಪಳವನ್ನೇ ಹೇಳುತ್ತೇನೆ.